ಒಂದೇ ಮಾತ್ರೆ, ಎರಡು ಯಕೃತ್ತು: ನಡುವೆ ಕರುಳಿನ ಬ್ಯಾಕ್ಟೀರಿಯಾದ ಕೈವಾಡವೆಷ್ಟು?

ಪ್ರಶ್ನೆ: ನನಗೆ 46 ವರ್ಷ. ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದಕ್ಕೆ ವೈದ್ಯರು ಏಳು ದಿನ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಕೊಟ್ಟರು. ನೋವಿಗೆಂದು ಐದು ದಿನ, ದಿನಕ್ಕೆ 500 ಮಿ.ಗ್ರಾಂ.ನ ಆರು ಪ್ಯಾರಾಸಿಟಮಾಲ್ ಮಾತ್ರೆ ನುಂಗಿದೆ. ಆ್ಯಂಟಿಬಯೋಟಿಕ್ ಮುಗಿದು ಮೂರು ವಾರವಾದ ಮೇಲೆ ಮೈಯೆಲ್ಲ ತುರಿಕೆ, ಮೂತ್ರ ಕಡುಬಣ್ಣ. ರಕ್ತಪರೀಕ್ಷೆಯಲ್ಲಿ ಎಎಲ್‌ಟಿ 212 (ಮಿತಿ 40), ಎಎಲ್‌ಪಿ 340 (ಮಿತಿ 120), ಬಿಲಿರುಬಿನ್ 2.1 (ಮಿತಿ 1.2) ಬಂದಿದೆ. ಮದ್ಯಪಾನದ ಅಭ್ಯಾಸವಿಲ್ಲ. ನನ್ನ ಅಕ್ಕ ಇದೇ ಆ್ಯಂಟಿಬಯೋಟಿಕ್ಕನ್ನು ಎರಡು ಸಲ ತೆಗೆದುಕೊಂಡಿದ್ದಾಳೆ, ಅವಳಿಗೆ ಏನೂ ಆಗಿಲ್ಲ. ಕರುಳಿನ ಬ್ಯಾಕ್ಟೀರಿಯಾ ಒಬ್ಬೊಬ್ಬರಲ್ಲಿ ಒಂದೊಂದು ತರಹ ಇರುವುದರಿಂದ ಹೀಗಾಗುತ್ತದೆ ಎಂದು ಓದಿದೆ. ನಿಜವೇ? ಮಲದ ಮೈಕ್ರೊಬಯೋಮ್ ಪರೀಕ್ಷೆ ಮಾಡಿಸಲೇ? ಪ್ರೊಬಯೋಟಿಕ್ (ಜೀವಂತ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ) ತೆಗೆದುಕೊಂಡರೆ ಲಿವರ್ ಬೇಗ ಸರಿಹೋದೀತೇ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಆದರೆ ನಿಮ್ಮ ವರದಿಗೆ ಅದು ಎಷ್ಟು ಹೊಂದುತ್ತದೆ ಎಂಬುದು ಬೇರೆ ಮಾತು. ಮಲಪರೀಕ್ಷೆ ಬೇಡ, ಪ್ರೊಬಯೋಟಿಕ್ ಕೂಡ ಸದ್ಯಕ್ಕೆ ಬೇಡ. ಏಕೆ ಎಂಬುದಕ್ಕೆ ಆಮೇಲೆ ಬರೋಣ. ತುರಿಕೆ ಮತ್ತು ಕಡುಬಣ್ಣದ ಮೂತ್ರ ಇರುವಾಗ ಬ್ಯಾಕ್ಟೀರಿಯಾದ ಚರ್ಚೆಗಿಂತ ಮೊದಲು ನೋಡಬೇಕಾದದ್ದು ನಿಮ್ಮ ಕೈಯಲ್ಲಿರುವ ಅಂಕಿಗಳನ್ನು.

ಎಎಲ್‌ಟಿ (ಕೆಲವು ವರದಿಗಳಲ್ಲಿ ಎಸ್‌ಜಿಪಿಟಿ ಎಂದಿರುತ್ತದೆ) ಯಕೃತ್ತಿನ ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಕಿಣ್ವ. ಎಎಲ್‌ಪಿ ಏರುವುದು ಮುಖ್ಯವಾಗಿ ಪಿತ್ತರಸ ಸರಾಗವಾಗಿ ಹರಿಯದಿದ್ದಾಗ. ಎರಡನ್ನೂ ಅವುಗಳ ಮಿತಿಯಿಂದ ಭಾಗಿಸಿ: ಎಎಲ್‌ಟಿ 212 ಭಾಗಿಸು 40, ಅಂದರೆ 5.3 ಪಟ್ಟು, ಎಎಲ್‌ಪಿ 340 ಭಾಗಿಸು 120, ಅಂದರೆ 2.8 ಪಟ್ಟು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1.9. ಇದನ್ನು ಆರ್ ಮೌಲ್ಯ ಎನ್ನುತ್ತಾರೆ. 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೋಶಗಳೇ ಸಾಯುತ್ತಿರುವ ಬಗೆ, 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಿತ್ತ ಕಟ್ಟಿಕೊಂಡ ಬಗೆ, ನಡುವಿನದು ಮಿಶ್ರ. ನಿಮ್ಮದು ಪಿತ್ತ ಕಟ್ಟಿಕೊಂಡ ಬಗೆ. ತುರಿಕೆಯೂ ಅದನ್ನೇ ಹೇಳುತ್ತಿದೆ.

ಇಲ್ಲಿ ಎರಡು ಔಷಧಗಳಲ್ಲಿ ಒಂದರ ಮೇಲೆ ಅನುಮಾನ ಬಹುಮಟ್ಟಿಗೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ ಮಾಡುವುದು ಕೋಶಗಳನ್ನು ಕೊಂದು. ಆಗ ಎಎಲ್‌ಟಿ ಒಂದೆರಡು ದಿನದಲ್ಲೇ ಗಗನಕ್ಕೇರುತ್ತದೆ, ಎಎಲ್‌ಪಿ ಹೆಚ್ಚೇನೂ ಏರುವುದಿಲ್ಲ. ನಿಲ್ಲಿಸಿ ಮೂರು ವಾರವಾದ ಮೇಲೆ ತುರಿಕೆಯಾಗಿ ಕಾಣಿಸಿಕೊಳ್ಳುವುದು ಅದರ ಜಾಯಮಾನವಲ್ಲ. ನೀವು ತೆಗೆದುಕೊಂಡ ದಿನಕ್ಕೆ 3 ಗ್ರಾಂ ವಯಸ್ಕರ ಗರಿಷ್ಠ ಮಿತಿಯಾದ 4 ಗ್ರಾಂನೊಳಗೇ ಇದೆ. ಅಮಾಕ್ಸಿಸಿಲಿನ್–ಕ್ಲಾವುಲನೇಟ್‌ನ ನಡೆ ಬೇರೆ. ಮಾತ್ರೆಯ ಕೋರ್ಸ್ ಮುಗಿದು, ಹಲ್ಲುನೋವು ಮರೆತುಹೋಗಿ, ಆರು ವಾರದವರೆಗೂ ಎಂದಾದರೂ ಅದರ ಹಾನಿ ತಲೆ ಎತ್ತಬಹುದು. ಹೆಚ್ಚಾಗಿ ಪಿತ್ತ ಕಟ್ಟಿದ ಅಥವಾ ಮಿಶ್ರ ರೂಪದಲ್ಲಿ. ಔಷಧದಿಂದಾದ ಯಕೃತ್ತಿನ ಹಾನಿಯನ್ನು ದಾಖಲಿಸುವ ಹಲವು ದೇಶಗಳ ಪಟ್ಟಿಗಳಲ್ಲಿ ಬಿಡಿ ಔಷಧಗಳ ಪೈಕಿ ಮೇಲ್ಸ್ಥಾನ ಇದರದ್ದೇ. ಹಾಗೆಂದು ಇದು ಅಪಾಯಕಾರಿ ಮಾತ್ರೆ ಎಂದಲ್ಲ: ಐಸ್‌ಲ್ಯಾಂಡಿನಲ್ಲಿ ಇಡೀ ಜನಸಂಖ್ಯೆಯನ್ನು ಹಿಡಿದು ಲೆಕ್ಕ ಹಾಕಿದಾಗ ಸುಮಾರು 2,350 ಮಂದಿ ಬಳಕೆದಾರರಲ್ಲಿ ಒಬ್ಬರಿಗೆ ಹೀಗಾಗಿತ್ತು.

ಆದರೆ ‘ಮಾತ್ರೆಯಿಂದಲೇ’ ಎಂದು ಷರಾ ಬರೆಯುವ ಮುನ್ನ ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ಔಷಧದ ಹಾನಿಗೆ ಅದೊಂದನ್ನೇ ತೋರಿಸಿಕೊಡುವ ಪರೀಕ್ಷೆ ಇಲ್ಲ. ಉಳಿದ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಯೇ ಅಲ್ಲಿಗೆ ಬರಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಮೊದಲು, ಏಕೆಂದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ವರದಿ ಹೀಗೆಯೇ ಇರುತ್ತದೆ. ಜೊತೆಗೆ ಹೆಪಟೈಟಿಸ್ ಎ, ಬಿ, ಸಿ, ಇ. ಇದರಲ್ಲಿ ‘ಇ’ಯನ್ನು ಮರೆಯುವವರೇ ಹೆಚ್ಚು, ಆಮೇಲೆ ತಪ್ಪೆಲ್ಲ ಮಾತ್ರೆಯ ತಲೆಗೆ ಬರುತ್ತದೆ. ‘ಸಿ’ಗೆ ಪ್ರತಿಕಾಯ ಪರೀಕ್ಷೆಯಷ್ಟೇ ಸಾಲದು, ಸೋಂಕು ಹೊಸದಾಗಿದ್ದರೆ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ, ವೈರಸ್ಸಿನ ಆರ್‌ಎನ್‌ಎ ನೋಡಬೇಕು. ದೇಹವೇ ತನ್ನ ಯಕೃತ್ತಿನ ಮೇಲೆ ತಿರುಗಿಬೀಳುವ ಕಾಯಿಲೆಗೆ ಎಎನ್‌ಎ ಮತ್ತು ಐಜಿಜಿ ಎಂಬ ರಕ್ತಪರೀಕ್ಷೆಗಳು. ರಕ್ತ ಹೆಪ್ಪುಗಟ್ಟುವ ಶಕ್ತಿಗೆ ಐಎನ್‌ಆರ್. ಐಎನ್‌ಆರ್ ಅನ್ನು ಬಿಡಲೇಬೇಡಿ: ಎಎಲ್‌ಟಿ ಪೆಟ್ಟಿನ ಗುರುತು ಮಾತ್ರ, ಯಕೃತ್ತು ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಐಎನ್‌ಆರ್ ಮತ್ತು ಬಿಲಿರುಬಿನ್.

ಈಗ ಕರುಳಿಗೆ ಬರೋಣ.

ಯಕೃತ್ತಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬಂದದ್ದಲ್ಲ. ಕರುಳು, ಗುಲ್ಮಗಳನ್ನು ಹಾದು ಪೋರ್ಟಲ್ ರಕ್ತನಾಳದ ಮೂಲಕ ಬಂದದ್ದು. ಅಂದರೆ ಕರುಳಿನಲ್ಲಿ ಹೀರಲ್ಪಟ್ಟದ್ದು ಮೊದಲು ತಲುಪುವ ಮನೆ ಯಕೃತ್ತು. ಅಲ್ಲಿಂದ ಪಿತ್ತರಸದ ಮೂಲಕ ಮತ್ತೆ ಕರುಳಿಗೆ ದಾರಿ ಇದೆ. ಈ ಹೋಗಿಬರುವ ರಸ್ತೆಯ ಕರುಳಿನ ತುದಿಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಕುಳಿತಿವೆ. ಎಲ್ಲ ಸೇರಿಸಿ ತೂಗಿದರೆ 200 ಗ್ರಾಂ ಆಸುಪಾಸು. ತೂಕ ಅಷ್ಟೇ ಆದರೂ ಅವುಗಳ ಬಳಿ ಇರುವ ಕಿಣ್ವಗಳ ವೈವಿಧ್ಯ ನಮ್ಮ ಯಕೃತ್ತಿಗೂ ಇಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಯಿಂದ ನುಂಗುವ 271 ಔಷಧಗಳನ್ನು ಮನುಷ್ಯರ ಕರುಳಿನ 76 ಬಗೆಯ ಬ್ಯಾಕ್ಟೀರಿಯಾಗಳ ಜೊತೆ ಇಟ್ಟು ನೋಡಿದರು. ಮೂರರಲ್ಲಿ ಎರಡು ಪಾಲು ಔಷಧಗಳನ್ನು ಯಾವುದಾದರೂ ಒಂದು ಬ್ಯಾಕ್ಟೀರಿಯಾ ಬದಲಿಸಿಬಿಟ್ಟಿತು. ಇದಕ್ಕೆ ಹಿಂದಿನ ವರ್ಷವೇ ಕನ್ನಡಿಯ ಇನ್ನೊಂದು ಮುಖವೂ ಕಂಡಿತ್ತು: ಸೋಂಕಿಗೆ ಸಂಬಂಧವೇ ಇಲ್ಲದ, ಮನುಷ್ಯನ ದೇಹದ ಮೇಲೆ ಕೆಲಸ ಮಾಡಲೆಂದೇ ಮಾಡಿದ ಔಷಧಗಳಲ್ಲಿ ಸುಮಾರು 24 ಶೇಕಡಾ, ಕರುಳಿನ ಒಂದಾದರೂ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತವೆ. ಮಾತ್ರೆ ಅವುಗಳನ್ನು ಬದಲಿಸುತ್ತದೆ, ಅವು ಮಾತ್ರೆಯನ್ನು ಬದಲಿಸುತ್ತವೆ.

ಬದಲಿಸುವುದರಿಂದ ಯಕೃತ್ತಿಗೆ ಪೆಟ್ಟು ಬೀಳಬಲ್ಲದು ಎಂಬುದಕ್ಕೆ ಹಳೆಯ ಮತ್ತು ಸ್ವಚ್ಛವಾದ ಪುರಾವೆ ಔಷಧದ್ದಲ್ಲ, ಒಂದು ಬೀಜದ್ದು. ಸೈಕಸ್ ಗಿಡದ ಬೀಜದಲ್ಲಿ ಸೈಕಾಸಿನ್ ಎಂಬ ವಸ್ತು ಇದೆ. ಅದಕ್ಕೊಂದು ಸಕ್ಕರೆಯ ಅಣು ಅಂಟಿಕೊಂಡಿರುತ್ತದೆ. ಆ ಸಕ್ಕರೆ ಇರುವವರೆಗೆ ಅದು ನಿರಪಾಯಕಾರಿ. 1960ರ ದಶಕದಲ್ಲಿ ಸಾಮಾನ್ಯ ಇಲಿಗಳಿಗೆ ಅದನ್ನು ತಿನ್ನಿಸಿದಾಗ ಯಕೃತ್ತು ಕೆಟ್ಟಿತು, ಗೆಡ್ಡೆಗಳು ಬೆಳೆದವು. ಹುಟ್ಟಿನಿಂದಲೇ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಸಾಕಿದ ಇಲಿಗಳಿಗೆ ತಿನ್ನಿಸಿದಾಗ ಏನೂ ಆಗಲಿಲ್ಲ. ತಿಂದದ್ದು ಹಾಗೆಯೇ ಹೊರಗೆ ಹೋಯಿತು. ಸಕ್ಕರೆಯನ್ನು ಕತ್ತರಿಸಿ ವಿಷವನ್ನು ಬಿಡಿಸುವ ಕತ್ತರಿ ಬ್ಯಾಕ್ಟೀರಿಯಾದ ಬಳಿ ಇತ್ತು, ಇಲಿಯ ಬಳಿ ಇರಲಿಲ್ಲ.

ಔಷಧಗಳ ವಿಷಯದಲ್ಲಿ ಇದೇ ಕತ್ತರಿಯ ಸೋದರಿ ಬೀಟಾ-ಗ್ಲುಕುರೊನಿಡೇಸ್. ಯಕೃತ್ತು ಅನೇಕ ಔಷಧಗಳಿಗೆ ಗ್ಲುಕುರೊನಿಕ್ ಆಮ್ಲದ ಬಾಲ ಕಟ್ಟಿ, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ತಳ್ಳುತ್ತದೆ. ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು. ಕೆಳಗೆ ಬ್ಯಾಕ್ಟೀರಿಯಾ ಆ ಬಾಲವನ್ನು ತಮ್ಮ ಆಹಾರಕ್ಕಾಗಿ ಕತ್ತರಿಸಿಕೊಳ್ಳುತ್ತವೆ. ಬಾಲ ಕಳೆದುಕೊಂಡ ಔಷಧ ಮತ್ತೆ ಹೀರಲ್ಪಟ್ಟು, ಪೋರ್ಟಲ್ ರಕ್ತದಲ್ಲಿ ಯಕೃತ್ತಿಗೆ ವಾಪಸು. ಒಮ್ಮೆ ನುಂಗಿದ ಮಾತ್ರೆಯನ್ನು ಯಕೃತ್ತು ಎರಡು ಮೂರು ಸಲ ಎದುರಿಸಬೇಕಾಗುತ್ತದೆ. ಆಲ್‌ಜೈಮರ್ ಕಾಯಿಲೆಗೆ 1993ರಲ್ಲಿ ಬಂದ ಟ್ಯಾಕ್ರಿನ್ ಎಂಬ ಔಷಧ ಇದಕ್ಕೆ ಉದಾಹರಣೆ. ಅದನ್ನು ತೆಗೆದುಕೊಂಡವರಲ್ಲಿ ಸುಮಾರು ಅರ್ಧ ಮಂದಿಗೆ ಎಎಲ್‌ಟಿ ಮಿತಿ ಮೀರುತ್ತಿತ್ತು, ಕಾಲು ಭಾಗ ಮಂದಿಗೆ ಮೂರು ಪಟ್ಟು ದಾಟುತ್ತಿತ್ತು, ಉಳಿದವರಿಗೆ ಏನೂ ಇಲ್ಲ. ನಿಮ್ಮ ಮತ್ತು ಅಕ್ಕನ ಕತೆಯ ಹಾಗೆಯೇ. ಬಹಳ ವರ್ಷಗಳ ಮೇಲೆ ಇಲಿಗಳಲ್ಲಿ ಕಂಡದ್ದು: ಯಕೃತ್ತು ಕೆಟ್ಟ ಇಲಿಗಳ ಕರುಳಿನಲ್ಲಿ ಈ ಕತ್ತರಿಯುಳ್ಳ ಬ್ಯಾಕ್ಟೀರಿಯಾ ಹೆಚ್ಚಿದ್ದವು, ಆ್ಯಂಟಿಬಯೋಟಿಕ್ ಕೊಟ್ಟು ಅವನ್ನು ತಗ್ಗಿಸಿದರೆ ಹಾನಿಯೂ ತಗ್ಗುತ್ತಿತ್ತು. ಔಷಧ ಅಷ್ಟರಲ್ಲಾಗಲೇ ಬಳಕೆಯಿಂದ ಹೊರಬಿದ್ದಿತ್ತು.

ಹಾಗಾದರೆ ಈ ಬ್ಯಾಕ್ಟೀರಿಯಾ ‘ಕೆಟ್ಟವು’ ಎನ್ನೋಣವೇ? ಅಂಗಾಂಗ ಕಸಿಯಾದವರು ತೆಗೆದುಕೊಳ್ಳುವ ಮೈಕೊಫೆನೊಲೇಟ್ ಔಷಧಕ್ಕೆ ಇದೇ ಕತ್ತರಿ ಬೇಕು. ಬಾಲ ಕತ್ತರಿಸಿ ಮರಳಿ ಬರುವ ಪಾಲು ಸೇರಿಯೇ ಅದರ ಪ್ರಮಾಣವನ್ನು ಲೆಕ್ಕ ಹಾಕಿರುತ್ತಾರೆ. ನಡುವೆ ಆ್ಯಂಟಿಬಯೋಟಿಕ್ ಬಂದರೆ ರಕ್ತದಲ್ಲಿ ಮಟ್ಟ ಕುಸಿಯುತ್ತದೆ. ಕರುಳಿನ ಉರಿಯೂತಕ್ಕೆ ಕೊಡುವ ಸಲ್ಫಾಸಲಜೀನ್ ಅಂತೂ ಬ್ಯಾಕ್ಟೀರಿಯಾ ಒಡೆಯದಿದ್ದರೆ ಕೆಲಸವೇ ಮಾಡುವುದಿಲ್ಲ. ಹಾಗಾಗಿ ‘ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ’ ಎಂಬ ವಿಂಗಡಣೆ ಡಬ್ಬಿಗಳ ಮೇಲಿನ ಜಾಹೀರಾತಿಗೆ ಸರಿ. ಕೇಳಬೇಕಾದದ್ದು: ಯಾವ ಔಷಧ? ಯಾವ ಹಂತದಲ್ಲಿ?

ಈ ಪ್ರಶ್ನೆಗೆ ಅತಿ ಹೆಚ್ಚು ವಿವರವಾಗಿ ಉತ್ತರ ಸಿಕ್ಕಿರುವುದು ಪ್ಯಾರಾಸಿಟಮಾಲ್‌ನಲ್ಲಿ. ನಿಮ್ಮ ಈಗಿನ ತೊಂದರೆಗೆ ಅದು ಕಾರಣವಲ್ಲದಿದ್ದರೂ ನೀವು ಮುಂದೆಯೂ ನುಂಗುವ ಮಾತ್ರೆ ಅದು, ಆದ್ದರಿಂದ ತುಸು ನಿಧಾನವಾಗಿ ನೋಡೋಣ.

ನುಂಗಿದ ಪ್ಯಾರಾಸಿಟಮಾಲ್‌ನ ಬಹುಪಾಲನ್ನು ಯಕೃತ್ತು ಎರಡು ದಾರಿಯಲ್ಲಿ ಸಾಗಿಸುತ್ತದೆ: ಗ್ಲುಕುರೊನಿಕ್ ಆಮ್ಲದ ಬಾಲ ಕಟ್ಟಿ, ಇಲ್ಲವೇ ಸಲ್ಫೇಟ್ ಬಾಲ ಕಟ್ಟಿ. ಉಳಿಯುವ ಶೇಕಡಾ 5ರಿಂದ 10ರಷ್ಟು ಮೂರನೆಯ ದಾರಿ ಹಿಡಿಯುತ್ತದೆ. ಅಲ್ಲಿ ಮುಖ್ಯವಾಗಿ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಎನ್‌ಎಪಿಕ್ಯೂಐ ಎಂಬ ಉಗ್ರ ವಸ್ತುವಾಗಿಸುತ್ತದೆ. ಅದನ್ನು ತಣ್ಣಗಾಗಿಸಲು ಕೋಶದಲ್ಲಿ ಗ್ಲುಟಾಥಿಯೋನ್ ಇರುತ್ತದೆ. ಗ್ಲುಟಾಥಿಯೋನ್ ದಾಸ್ತಾನು ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಅದು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ಎನ್‌ಎಪಿಕ್ಯೂಐ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಪ್ರೋಟೀನುಗಳಿಗೆ ಅಂಟಿ ಕೋಶವನ್ನು ಕೊಲ್ಲುತ್ತದೆ.

ಈ ಸರಪಳಿಯ ಒಂದೊಂದು ಕೊಂಡಿಯಲ್ಲೂ ಬ್ಯಾಕ್ಟೀರಿಯಾ ಕೈ ಹಾಕಬಲ್ಲವು. ಸಲ್ಫೇಟ್ ದಾರಿಯನ್ನೇ ನೋಡಿ. ಕೆಲವು ಬ್ಯಾಕ್ಟೀರಿಯಾ ಪ್ರೋಟೀನಿನಲ್ಲಿರುವ ಟೈರೊಸಿನ್‌ನಿಂದ ಪ್ಯಾರಾ-ಕ್ರೆಸಾಲ್ ಎಂಬ ವಸ್ತುವನ್ನು ಮಾಡುತ್ತವೆ. ಅದನ್ನೂ ಯಕೃತ್ತು ಸಲ್ಫೇಟ್ ಬಾಲ ಕಟ್ಟಿಯೇ ಹೊರಹಾಕಬೇಕು. ಬಾಲ ಕಟ್ಟುವ ಕಿಣ್ವ ಒಂದೇ, ಸರದಿಯಲ್ಲಿ ಇಬ್ಬರು. 2009ರಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೂತ್ರವನ್ನು ಮಾತ್ರೆ ಕೊಡುವ ಮೊದಲೇ ಪರೀಕ್ಷಿಸಿ ನೋಡಿದರು: ಯಾರಲ್ಲಿ ಪ್ಯಾರಾ-ಕ್ರೆಸಾಲ್ ಸಲ್ಫೇಟ್ ಹೆಚ್ಚಿತ್ತೋ ಅವರು ಆಮೇಲೆ ಪ್ಯಾರಾಸಿಟಮಾಲ್‌ಗೆ ಸಲ್ಫೇಟ್ ಕಟ್ಟಿದ್ದು ಕಡಿಮೆ. ಸುಂದರವಾದ ಅಧ್ಯಯನ, ಆದರೆ ಅದರಿಂದ ಹೊರಟ ಸುದ್ದಿಗಳು ಅದಕ್ಕಿಂತ ದೊಡ್ಡವು. ಅಲ್ಲಿ ಯಾರ ಯಕೃತ್ತೂ ಕೆಡಲಿಲ್ಲ. ಸಾಮಾನ್ಯ ಪ್ರಮಾಣದಲ್ಲಿ ಔಷಧ ಯಾವ ದಾರಿ ಹಿಡಿಯಿತು ಎಂಬುದಷ್ಟೇ ಅಲ್ಲಿ ತೋರಿದ್ದು.

ಉಳಿದ ಕೊಂಡಿಗಳ ಪುರಾವೆ ಬಹುತೇಕ ಇಲಿಗಳಲ್ಲಿದೆ. ಬ್ಯಾಕ್ಟೀರಿಯಾ ತಯಾರಿಸುವ 1-ಫಿನೈಲ್-1,2-ಪ್ರೊಪೇನ್‌ಡಯೋನ್ ಎಂಬ ವಸ್ತು ಯಕೃತ್ತಿನ ಗ್ಲುಟಾಥಿಯೋನ್ ದಾಸ್ತಾನನ್ನು ತಿಂದುಹಾಕುತ್ತದೆ. ಅದರ ಮಟ್ಟ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ, ಅದೇ ಪ್ರಮಾಣದ ಪ್ಯಾರಾಸಿಟಮಾಲ್ ಒಂದು ಹೊತ್ತಿನಲ್ಲಿ ಹೆಚ್ಚು, ಇನ್ನೊಂದು ಹೊತ್ತಿನಲ್ಲಿ ಕಡಿಮೆ ಹಾನಿ ಮಾಡಿತು. (ಇಲಿಗಳು ರಾತ್ರಿ ತಿನ್ನುವ ಪ್ರಾಣಿಗಳು. ‘ಮಾತ್ರೆಯನ್ನು ಬೆಳಿಗ್ಗೆಯೇ ನುಂಗಿ’ ಎಂಬ ಸಲಹೆ ಇದರಿಂದ ಹುಟ್ಟುವುದಿಲ್ಲ.) ಇದಕ್ಕೆ ತದ್ವಿರುದ್ಧವಾಗಿ, ಫಿನೈಲ್‌ಪ್ರೊಪಿಯಾನಿಕ್ ಆಮ್ಲ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಉತ್ಪನ್ನ ಸಿವೈಪಿ2ಇ1 ಕಿಣ್ವವನ್ನೇ ತಗ್ಗಿಸಿ ಯಕೃತ್ತನ್ನು ಕಾಯಿತು. ಇದು ಹೊರಬಿದ್ದದ್ದು ಒಂದು ಕಿರಿಕಿರಿಯಿಂದ: ಒಂದೇ ತಳಿಯ ಇಲಿಗಳನ್ನು ಇಬ್ಬರು ಬೇರೆ ಬೇರೆ ಪೂರೈಕೆದಾರರಿಂದ ತರಿಸಿದರೆ ಪ್ಯಾರಾಸಿಟಮಾಲ್ ಫಲಿತಾಂಶ ತಾಳೆಯಾಗುತ್ತಿರಲಿಲ್ಲ. ವಂಶವಾಹಿ ಒಂದೇ, ಕರುಳು ಬೇರೆ. ಮತ್ತೊಂದು ಕಡೆ, ಕೆಲವು ಲ್ಯಾಕ್ಟೊಬ್ಯಾಸಿಲಸ್‌ಗಳ ಉತ್ಪನ್ನವೊಂದು ಯಕೃತ್ತಿನ ಎನ್‌ಆರ್‌ಎಫ್2 ಎಂಬ ರಕ್ಷಣಾ ಗುಂಡಿಯನ್ನು ಒತ್ತಿ ಹಾನಿಯನ್ನು ಕುಗ್ಗಿಸಿದ್ದೂ ಇಲಿಗಳಲ್ಲೇ.

ಇಷ್ಟು ಕೇಳಿದರೆ ಲ್ಯಾಕ್ಟೊಬ್ಯಾಸಿಲಸ್ ಡಬ್ಬಿ ತರೋಣ ಎನಿಸುವುದು ಸಹಜ. ಆದರೆ ಈ ಪ್ರಯೋಗಗಳಲ್ಲಿ ಇಲಿಯನ್ನು ರಾತ್ರಿಯಿಡೀ ಉಪವಾಸ ಕೆಡವಿ, ಸಾಮಾನ್ಯವಾಗಿ ಕಿಲೋ ತೂಕಕ್ಕೆ 300 ಮಿ.ಗ್ರಾಂ. ಆಸುಪಾಸಿನ ಪ್ಯಾರಾಸಿಟಮಾಲನ್ನು ಒಂದೇ ಸಲ ಕೊಡುತ್ತಾರೆ. ಉಪವಾಸ ಏಕೆಂದರೆ ಹಸಿದ ಯಕೃತ್ತಿನಲ್ಲಿ ಗ್ಲುಟಾಥಿಯೋನ್ ಕಡಿಮೆ. ಹಾನಿ ಖಚಿತವಾಗಿ ಕಾಣಿಸುತ್ತದೆ. ಬ್ಯಾಕ್ಟೀರಿಯಾ ಕೊಡುವುದು ಮಾತ್ರೆಗೆ ಮೊದಲು, ದಿನಗಟ್ಟಲೆ. ಈಗಾಗಲೇ ಕೆಟ್ಟ ಯಕೃತ್ತಿಗೆ ಆಮೇಲೆ ಬ್ಯಾಕ್ಟೀರಿಯಾ ಕೊಟ್ಟು ಸರಿಪಡಿಸಿದ ಕತೆ ಇದಲ್ಲ. ಪೂರ್ತಿ ಸೂಕ್ಷ್ಮಜೀವಿರಹಿತ ಇಲಿಗಳಲ್ಲೂ ಒಂದು ಪ್ರಯೋಗಾಲಯದಲ್ಲಿ ಹಾನಿ ಕಡಿಮೆಯಾಗಿದೆ, ಇನ್ನೊಂದರಲ್ಲಿ ವ್ಯತ್ಯಾಸವೇ ಇಲ್ಲ.

ಆ ಉಪವಾಸದ ವಿಚಾರ ಮಾತ್ರ ನಿಮಗೆ ನೇರವಾಗಿ ಬೇಕಾದದ್ದು. ಹಲ್ಲುನೋವಿನವರು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಾರೆ: ಅಗಿಯಲಾಗದೆ ದಿನಗಟ್ಟಲೆ ಸರಿಯಾಗಿ ಊಟ ಮಾಡುವುದಿಲ್ಲ, ನೋವು ತಡೆಯಲಾಗದೆ ಮಾತ್ರೆ ಏರಿಸುತ್ತಾರೆ. ಜೊತೆಗೆ ನೆಗಡಿಗೆಂದು ನುಂಗುವ ಸಂಯುಕ್ತ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುವುದನ್ನು ಗಮನಿಸುವುದಿಲ್ಲ. ಒಂದೇ ಸಲ ವಿಪರೀತ ನುಂಗಿದವರಿಗಿಂತ ಹೀಗೆ ಮೂರು ನಾಲ್ಕು ದಿನ ಮಿತಿ ಮೀರಿದವರು ತಡವಾಗಿ ಆಸ್ಪತ್ರೆ ಸೇರುತ್ತಾರೆ, ಏಕೆಂದರೆ ತಾವು ಹೆಚ್ಚು ತೆಗೆದುಕೊಂಡಿದ್ದೇವೆ ಎಂದೇ ಅವರಿಗೆ ಅನಿಸಿರುವುದಿಲ್ಲ. ನಿಯಮ ಇಷ್ಟು: ಒಂದು ಸಲಕ್ಕೆ 500ರಿಂದ 1,000 ಮಿ.ಗ್ರಾಂ., ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ, ಎಲ್ಲ ಮಾತ್ರೆಗಳಲ್ಲಿರುವುದೂ ಸೇರಿ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಮೈತೂಕ 50 ಕಿಲೋಗಿಂತ ಕಡಿಮೆ ಇರುವವರು, ಕೆಲವು ದಿನದಿಂದ ಊಟ ಬಿಟ್ಟವರು, ನಿತ್ಯ ಕುಡಿಯುವವರು ವೈದ್ಯರನ್ನು ಕೇಳಿ 2–3 ಗ್ರಾಂಗೆ ಇಳಿಸಿಕೊಳ್ಳಬೇಕು. ಮಿತಿ ಮೀರಿದೆ ಎಂದು ಗೊತ್ತಾದರೆ ಲಕ್ಷಣಕ್ಕೆ ಕಾಯಬಾರದು; ಮೊದಲ 24 ಗಂಟೆ ವಾಕರಿಕೆಯೂ ಇರದೆ ಹೋಗಬಹುದು. ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಗ್ಲುಟಾಥಿಯೋನ್ ದಾಸ್ತಾನನ್ನು ತುಂಬಿಕೊಡುತ್ತದೆ, ಮತ್ತು ಎಂಟು ಗಂಟೆಯೊಳಗೆ ಕೊಟ್ಟರೆ ಬಹುತೇಕ ಎಲ್ಲರೂ ಪಾರಾಗುತ್ತಾರೆ.

ಇನ್ನೊಂದು ಸಂಗತಿ: ಆರೋಗ್ಯವಂತರಿಗೆ ದಿನಕ್ಕೆ 4 ಗ್ರಾಂನಂತೆ ಎರಡು ವಾರ ಕೊಟ್ಟ 2006ರ ಪ್ರಯೋಗದಲ್ಲಿ, ಗುಂಪಿನಿಂದ ಗುಂಪಿಗೆ 31ರಿಂದ 44 ಶೇಕಡಾ ಮಂದಿಗೆ ಎಎಲ್‌ಟಿ ಮೂರು ಪಟ್ಟು ದಾಟಿತ್ತು. ಯಾರಿಗೂ ಕಾಮಾಲೆಯಾಗಲಿಲ್ಲ. ಎಎಲ್‌ಟಿ ಒಂದೇ ಏರಿದ್ದಕ್ಕೆ ಗಾಬರಿಯಾಗಬೇಕಿಲ್ಲ. ಬಿಲಿರುಬಿನ್ ಜೊತೆಗೂಡಿದಾಗ ಗಂಭೀರ. ಎಎಲ್‌ಟಿ 3 ಪಟ್ಟು, ಬಿಲಿರುಬಿನ್ 2 ಪಟ್ಟು ಮೀರಿ, ಎಎಲ್‌ಪಿ ಅಷ್ಟೇನೂ ಏರದಿದ್ದರೆ, ಅಂಥ ಹತ್ತು ಮಂದಿಯಲ್ಲಿ ಸುಮಾರು ಒಬ್ಬರು ಸಾಯುತ್ತಾರೆ ಅಥವಾ ಕಸಿ ಬೇಕಾಗುತ್ತದೆ. ಹೈ ಜಿಮ್ಮರ್‌ಮನ್ ಎಂಬ ಯಕೃತ್ ತಜ್ಞರ ಹೆಸರಿನಿಂದ ಇದಕ್ಕೆ ‘ಹೈ ನಿಯಮ’ ಎನ್ನುತ್ತಾರೆ. ನಿಮ್ಮ ಬಿಲಿರುಬಿನ್ 1.75 ಪಟ್ಟು, ಎಎಲ್‌ಪಿ ಚೆನ್ನಾಗಿಯೇ ಏರಿದೆ. ಸದ್ಯ ಆ ನಿಯಮದೊಳಗೆ ನೀವಿಲ್ಲ.

ಈಗ ನಿಮ್ಮ ಅಸಲಿ ಆರೋಪಿ, ಅಮಾಕ್ಸಿಸಿಲಿನ್–ಕ್ಲಾವುಲನೇಟ್. ಅಮಾಕ್ಸಿಸಿಲಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಈ ಹಾನಿ ಬಹಳ ಅಪರೂಪ, ಆದ್ದರಿಂದ ಬೆರಳು ಕ್ಲಾವುಲನೇಟ್ ಕಡೆಗೆ ತೋರುತ್ತದೆ. ಇಲ್ಲಿ ಪ್ರಮಾಣ ಹೆಚ್ಚಾಗಿ ವಿಷವಾದದ್ದಲ್ಲ. ರೋಗನಿರೋಧಕ ವ್ಯವಸ್ಥೆ ತಪ್ಪು ತಿಳಿದು ಪಿತ್ತನಾಳ ಮತ್ತು ಕೋಶಗಳ ಮೇಲೆ ಹರಿಹಾಯುತ್ತದೆ. ವಾರಗಳ ವಿಳಂಬ ಅದಕ್ಕೇ. ಇದಕ್ಕೆ ಅತಿ ಗಟ್ಟಿಯಾಗಿ ತಳುಕು ಹಾಕಿಕೊಂಡಿರುವುದು ಕರುಳಿನ ಬ್ಯಾಕ್ಟೀರಿಯಾ ಅಲ್ಲ, ಎಚ್‌ಎಲ್‌ಎ-ಡಿಆರ್‌ಬಿ1*15:01, ಎಚ್‌ಎಲ್‌ಎ-ಎ*02:01 ಮುಂತಾದ, ರೋಗನಿರೋಧಕ ವ್ಯವಸ್ಥೆ ತನ್ನದನ್ನೂ ಹೊರಗಿನದನ್ನೂ ಗುರುತಿಸಲು ಬಳಸುವ ವಂಶವಾಹಿಗಳ ರೂಪಗಳು. ಅಕ್ಕನಿಗೂ ನಿಮಗೂ ತಂದೆ ತಾಯಿ ಒಬ್ಬರೇ ಆದರೂ, ಎಚ್‌ಎಲ್‌ಎ ಗುಚ್ಛ ಎರಡೂ ಕಡೆಯಿಂದ ಒಂದೇ ಆಗಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಅದು ಬಂದರೂ ಆ ರೂಪ ಹೊತ್ತವರಲ್ಲಿ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಹಾಗಾಗಿಯೇ ಮಾತ್ರೆ ಕೊಡುವ ಮೊದಲು ಈ ಪರೀಕ್ಷೆಯನ್ನು ಯಾರೂ ಮಾಡಿಸುವುದಿಲ್ಲ. ಅಕ್ಕ ಎರಡು ಸಲ ಪಾರಾದದ್ದು ಸಮಾಧಾನದ ಸಂಗತಿ, ಆದರೆ ಮೂರನೆಯ ಸಲಕ್ಕೆ ಖಾತರಿಪತ್ರವಲ್ಲ.

ಕರುಳು ಇಲ್ಲಿ ಬರುವುದಾದರೆ ಹಿಂಬಾಗಿಲಿನಿಂದ. ಕರುಳಿನ ಗೋಡೆ ಸಡಿಲಗೊಂಡಾಗ ಬ್ಯಾಕ್ಟೀರಿಯಾದ ಹೊರಕವಚದ ತುಣುಕುಗಳು, ಅಂದರೆ ಎಂಡೊಟಾಕ್ಸಿನ್, ಪೋರ್ಟಲ್ ರಕ್ತದಲ್ಲಿ ಸಾಗಿ ಯಕೃತ್ತಿನ ಕಾವಲುಗಾರ ಕುಪ್ಫರ್ ಕೋಶಗಳನ್ನು ಎಬ್ಬಿಸುತ್ತವೆ. ಇಲಿಗಳಿಗೆ ತಾನಾಗಿ ಹಾನಿ ಮಾಡದಷ್ಟು ಎಂಡೊಟಾಕ್ಸಿನ್ ಮತ್ತು ತಾನಾಗಿ ಹಾನಿ ಮಾಡದಷ್ಟು ಔಷಧ, ಎರಡನ್ನೂ ಸೇರಿಸಿ ಕೊಟ್ಟಾಗ ಯಕೃತ್ತು ಕೆಟ್ಟದ್ದನ್ನು ಟ್ರೊವಾಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್, ಹೊಟ್ಟೆಯ ಆಮ್ಲ ತಗ್ಗಿಸುವ ರಾನಿಟಿಡಿನ್ ಮುಂತಾದವುಗಳಲ್ಲಿ ತೋರಿಸಿದ್ದಾರೆ. ಒಣಹುಲ್ಲು ಮತ್ತು ಕಿಡಿ, ಬೇರೆ ಬೇರೆ ಇದ್ದರೆ ಬೆಂಕಿ ಇಲ್ಲ. ನಿಮ್ಮ ಹಲ್ಲಿನ ಸೋಂಕು, ಆ್ಯಂಟಿಬಯೋಟಿಕ್‌ನಿಂದ ಅಸ್ತವ್ಯಸ್ತವಾದ ಕರುಳು, ಇವು ಕಿಡಿಯ ಪಾತ್ರ ವಹಿಸಿರಬಹುದು. ಆದರೆ ಇದು ಒಂದು ಸಾಧ್ಯತೆ. ನಿಮ್ಮಲ್ಲಿ ಹಾಗೆಯೇ ಆಯಿತು ಎಂದು ಯಾವ ಪರೀಕ್ಷೆಯಿಂದಲೂ ಸಾಬೀತು ಮಾಡಲಾಗದು.

ಮಲದ ಪರೀಕ್ಷೆಯಿಂದಂತೂ ಆಗುವುದೇ ಇಲ್ಲ. ಅದು ಕೊಡುವುದು ಹೆಸರುಗಳ ಪಟ್ಟಿ. ಪಟ್ಟಿಯಲ್ಲಿ ಹೆಸರು ಇದ್ದರೆ ಆ ಬ್ಯಾಕ್ಟೀರಿಯಾದ ಬಳಿ ಕತ್ತರಿ ಇದೆ ಎಂದಾಗುವುದಿಲ್ಲ. ಎಗ್ಗರ್‌ಥೆಲ್ಲಾ ಲೆಂಟಾ ಎಂಬ ಬ್ಯಾಕ್ಟೀರಿಯಾ ಹೃದಯದ ಔಷಧ ಡಿಜಾಕ್ಸಿನ್ ಅನ್ನು ನಿಷ್ಕ್ರಿಯಗೊಳಿಸುವುದಕ್ಕೆ ಹೆಸರುವಾಸಿ. ಆದರೆ ಅದೇ ಹೆಸರಿನ ಎಲ್ಲ ತಳಿಗಳೂ ಆ ಕೆಲಸ ಮಾಡವು, ಬೇಕಾದ ವಂಶವಾಹಿ ಇರುವವು ಮಾತ್ರ. ಬೀಟಾ-ಗ್ಲುಕುರೊನಿಡೇಸ್ ವಿಷಯದಲ್ಲಿ ಇನ್ನೂ ಗೋಜಲು: ಮನುಷ್ಯರ ಕರುಳಿನ ವಂಶವಾಹಿ ದತ್ತಾಂಶದಲ್ಲಿ 279 ಬೇರೆ ಬೇರೆ ರೂಪಗಳು ಸಿಕ್ಕಿವೆ, ಒಂದೊಂದಕ್ಕೆ ಒಂದೊಂದು ಔಷಧದ ಮೇಲೆ ಹಿಡಿತ. ಅಲ್ಲದೆ ನೀವು ಈಗ ಮಾಡಿಸಿದರೆ ಕಾಣುವುದು ಆ್ಯಂಟಿಬಯೋಟಿಕ್ ಬಿರುಗಾಳಿಯ ನಂತರದ ಚಿತ್ರ, ಹಾನಿಗೆ ಮೊದಲಿನದಲ್ಲ. ಆ ಹಣದಲ್ಲಿ ಹೆಪಟೈಟಿಸ್ ಇ ಪರೀಕ್ಷೆ ಮತ್ತು ಎರಡನೆಯ ಸಲದ ರಕ್ತಪರೀಕ್ಷೆ ಮಾಡಿಸುವುದು ಮೇಲು.

ಪ್ರೊಬಯೋಟಿಕ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ನೇರ. ಔಷಧದಿಂದ ಪಿತ್ತ ಕಟ್ಟಿದ ಯಕೃತ್ತನ್ನು ಅದು ಬೇಗ ವಾಸಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ. 2018ರ ಅಧ್ಯಯನವೊಂದರಲ್ಲಿ ಆ್ಯಂಟಿಬಯೋಟಿಕ್ ನಂತರ ಹಲವು ತಳಿಗಳ ಪ್ರೊಬಯೋಟಿಕ್ ತೆಗೆದುಕೊಂಡವರಲ್ಲಿ ಸ್ವಂತ ಬ್ಯಾಕ್ಟೀರಿಯಾ ಮರಳಿ ನೆಲೆಯೂರುವುದು ತಡವಾಯಿತು. ಏನೂ ತೆಗೆದುಕೊಳ್ಳದವರು ಅವರಿಗಿಂತ ಮೊದಲು ಚೇತರಿಸಿಕೊಂಡರು. ತೀವ್ರ ಮೇದೋಜೀರಕ ಉರಿಯೂತದ ರೋಗಿಗಳಿಗೆ ಕೊಟ್ಟ 2008ರ ಪ್ರಯೋಗದಲ್ಲಿ ಪ್ರೊಬಯೋಟಿಕ್ ಗುಂಪಿನಲ್ಲಿ ಶೇಕಡಾ 16, ಇನ್ನೊಂದು ಗುಂಪಿನಲ್ಲಿ ಶೇಕಡಾ 6 ಮಂದಿ ತೀರಿಕೊಂಡರು. ಅದು ಬೇರೆ ಕಾಯಿಲೆ, ನಿಮಗೆ ಹಾಗಾಗುತ್ತದೆ ಎಂದಲ್ಲ. ಆದರೆ ‘ತೆಗೆದುಕೊಂಡರೆ ನಷ್ಟವೇನು’ ಎಂಬ ಮಾತು ಎಲ್ಲ ಕಾಲಕ್ಕೂ ನಡೆಯುವುದಿಲ್ಲ. ಇನ್ನೊಂದು ವ್ಯಾವಹಾರಿಕ ತೊಡಕೂ ಇದೆ: ಯಕೃತ್ತಿನ ಅಂಕಿಗಳು ಇಳಿಮುಖವಾಗುತ್ತಿವೆಯೇ ಎಂದು ಕಾದು ನೋಡುವ ಹೊತ್ತಿನಲ್ಲಿ ಹೊಸ ವಸ್ತು ಸೇರಿಸಿದರೆ, ಮುಂದಿನ ಏರಿಳಿತಕ್ಕೆ ಯಾರನ್ನು ಹೊಣೆ ಮಾಡುವುದು?

ಅದೇ ಕಾರಣಕ್ಕೆ ‘ಲಿವರ್ ಟಾನಿಕ್’, ಗಿಡಮೂಲಿಕೆ ಪುಡಿ, ತೂಕ ಇಳಿಸುವ ಮಾತ್ರೆ, ಎಲ್ಲವನ್ನೂ ಈಗ ನಿಲ್ಲಿಸಿ. ಹಸಿರು ಚಹಾದ ಸಾರ, ಅರಿಸಿನದ ಸಾಂದ್ರ ಮಾತ್ರೆ ಇವುಗಳಿಂದಲೇ ಯಕೃತ್ತು ಕೆಟ್ಟ ಪ್ರಕರಣಗಳಿವೆ. ಕುಡಿಯುವ ಚಹಾ, ಅಡುಗೆಯ ಅರಿಸಿನ ಬೇರೆ. ಮಾತ್ರೆಯಲ್ಲಿ ಒತ್ತಿ ತುಂಬಿದ್ದು ಬೇರೆ. ರಕ್ತದೊತ್ತಡ, ಮಧುಮೇಹ ಮುಂತಾದ ನಿತ್ಯದ ಔಷಧಗಳಿದ್ದರೆ ಅವನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಪಟ್ಟಿ ಹಿಡಿದು ವೈದ್ಯರ ಬಳಿ ಹೋಗಿ.

ರಕ್ತಪರೀಕ್ಷೆಯನ್ನು ಮೂರು ನಾಲ್ಕು ದಿನದಲ್ಲಿ ಮತ್ತೆ ಮಾಡಿಸಿ. ಇಳಿಯಲು ಶುರುವಾದ ಮೇಲೆ ವಾರಕ್ಕೊಮ್ಮೆ, ಆಮೇಲೆ ಅಂತರ ಹೆಚ್ಚಿಸಬಹುದು. ಎಎಲ್‌ಟಿ ಮೊದಲು ಇಳಿಯುತ್ತದೆ, ಎಎಲ್‌ಪಿ ಹಿಂದೆ ಉಳಿಯುತ್ತದೆ. ಪಿತ್ತ ಕಟ್ಟಿದ ಬಗೆ ವಾರಗಳಲ್ಲ, ಕೆಲವೊಮ್ಮೆ ಎರಡು ಮೂರು ತಿಂಗಳು ಹಿಡಿಯುತ್ತದೆ, ಆದರೆ ಬಹುಪಾಲು ಮಂದಿಗೆ ಪೂರ್ತಿ ಸರಿಹೋಗುತ್ತದೆ. ತುರಿಕೆ ನಿದ್ದೆ ಕೆಡಿಸುತ್ತಿದ್ದರೆ ಕೊಲೆಸ್ಟಿರಮೀನ್ ಪುಡಿ ಕೇಳಿ. ಅದು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದಿಟ್ಟುಕೊಂಡು ಮಲದ ಜೊತೆ ಸಾಗಿಸಿ, ಮೇಲೆ ಹೇಳಿದ ಹೋಗಿಬರುವ ರಸ್ತೆಯನ್ನೇ ಕಡಿಯುತ್ತದೆ. ಸಿಕ್ಕಿದ್ದನ್ನೆಲ್ಲ ಹಿಡಿಯುವ ಸ್ವಭಾವ ಅದರದ್ದು, ಹಾಗಾಗಿ ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಕಣ್ಣು ಹಳದಿಯಾಗುತ್ತಾ ಹೋದರೆ, ವಾಂತಿ ನಿಲ್ಲದಿದ್ದರೆ, ಮಾತು ತಡವರಿಸಿದರೆ ಅಥವಾ ಹಗಲು ರಾತ್ರಿಯ ನಿದ್ದೆ ಅದಲುಬದಲಾದರೆ, ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟಿದರೆ, ಐಎನ್‌ಆರ್ 1.5 ತಲುಪಿದರೆ, ಅದೇ ದಿನ ಆಸ್ಪತ್ರೆ ಸೇರಬೇಕು.

ಹಾನಿಗೆ ಈ ಮಾತ್ರೆಯೇ ಕಾರಣ ಎಂದು ವೈದ್ಯರು ತೀರ್ಮಾನಿಸಿದರೆ ಅಮಾಕ್ಸಿಸಿಲಿನ್–ಕ್ಲಾವುಲನೇಟನ್ನು ಮತ್ತೆಂದೂ ಮುಟ್ಟಬಾರದು; ಎರಡನೆಯ ಸಲದ ಪೆಟ್ಟು ಬೇಗ ಮತ್ತು ಜೋರಾಗಿ ಬೀಳಬಹುದು. ಇದು ಹತ್ತಾರು ಬ್ರ್ಯಾಂಡ್ ಹೆಸರುಗಳಲ್ಲಿ ಸಿಗುವುದರಿಂದ ಬ್ರ್ಯಾಂಡ್ ನೆನಪಿಟ್ಟುಕೊಂಡರೆ ಪ್ರಯೋಜನವಿಲ್ಲ. ಎರಡೂ ಘಟಕಗಳ ಹೆಸರು, ಕೋರ್ಸ್ ಶುರುವಾದ ಮತ್ತು ಮುಗಿದ ದಿನಾಂಕ, ತುರಿಕೆ ಶುರುವಾದ ದಿನ, ಅಂದಿನ ಎಎಲ್‌ಟಿ, ಎಎಲ್‌ಪಿ, ಬಿಲಿರುಬಿನ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲೂ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಮೊದಲು ತೋರಿಸಬೇಕಾದದ್ದು ನಿಮ್ಮ ಹಲ್ಲಿನ ವೈದ್ಯರಿಗೆ: ಆ ಹಲ್ಲಿನ ಕೆಲಸ ಇನ್ನೂ ಬಾಕಿ ಇದ್ದರೆ ಮುಂದಿನ ಭೇಟಿಯಲ್ಲಿ ಅವರು ಬರೆಯುವುದು ಅದೇ ಮಾತ್ರೆಯನ್ನೇ ಇದ್ದೀತು.